ವಾರ್ಡ್ ಸೆಟ್ಟಿನಲ್ಲಿ ಬಿದ್ದ ಏಟು

ಎನಿಡ್ ಸ್ಟಬ್ಸಳ ಎಡಗೆನ್ನೆಯ ನೀಲಿ ಗುರುತನ್ನು ಮುಚ್ಚಲು ಆ ಬೆಳಿಗ್ಗೆ ಕ್ವೀನಿಗೆ ಮಾಮೂಲಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಸ್ಟುಡಿಯೋದಲ್ಲಿ ಹೆಂಗಸರಿಗೆ ಬಣ್ಣ ಹಚ್ಚುವವಳು ಕ್ವೀನಿ. ಯಾರ ಮುಖದಲ್ಲಿ ಏನಿದೆ ಎಂಬುದು ಅವಳಿಗೆ ಅವರ ಮನೆಯವರಿಗಿಂತ ಚೆನ್ನಾಗಿ ಗೊತ್ತಿತ್ತು.

"ಬಾಗಿಲು ತಗುಲ್ತಾ?" ಎಂದಳು, ಬೆರಳಿನಿಂದ ಬಣ್ಣ ತಟ್ಟುತ್ತ.

"ಹೂಂ. ಬಾಗಿಲೇ."

"ನಿಮ್ಮನೆ ಬಾಗಿಲಿಗೆ ಕೈ ಬೆಳೆದುಬಿಟ್ಟಿದೆ ಕಣೇ. ಕಿತ್ತು ಒಲೆಗೆ ಹಾಕಬಾರದಾ?"

ಎನಿಡ್ ನಗಲು ಹೋಗಿ ದವಡೆ ನೊಂದು ನಿಲ್ಲಿಸಿದಳು. ಗಂಜಿ ಹಾಕಿ ಮಡಿಸಿದ ಬಿಳಿ ಟೋಪಿ, ಕಪ್ಪು ಉಡುಪು, ಎದೆಗೆ ತೂಗುಹಾಕಿದ ಗಡಿಯಾರ ತೊಟ್ಟು ಎದ್ದು ನಿಂತಾಗ ಅವಳು ದೇಶಕ್ಕೆಲ್ಲ ಗೊತ್ತಿದ್ದ ಮೇಟ್ರನ್, ಆಸ್ಪತ್ರೆಯ ದೊಡ್ಡ ನರ್ಸು, ಆಗಿದ್ದಳು. ಡಾಕ್ಟರುಗಳೂ ಅವಳನ್ನು ಕಂಡು ಮಂಚದ ಕೆಳಗೆ ತೂರುತ್ತಿದ್ದರು, ತೆರೆಯ ಮೇಲೆ.

ಅದು ೧೯೬೬ರ ನವೆಂಬರ್. ತಯಾರಾಗುತ್ತಿದ್ದದ್ದು 'ಮೆಲ್ಲಗೆ, ಮೇಟ್ರನ್'. 'ಮೆಲ್ಲಗೆ' ಎಂದು ಶುರುವಾಗುವ ಹೆಸರಿನ ಚಿತ್ರಗಳು ವರ್ಷಕ್ಕೆರಡರಂತೆ ಬರುತ್ತಿದ್ದವು. ಒಂದರಲ್ಲಿ ಎಲ್ಲರೂ ಅಂಚೆಯವರು, ಇನ್ನೊಂದರಲ್ಲಿ ಪಾದ್ರಿಗಳು, ಮತ್ತೊಂದರಲ್ಲಿ ಹಡಗಿನವರು. ಮುಖಗಳು ಮಾತ್ರ ಅವೇ. ಎಲ್ಲದರಲ್ಲೂ ಯಾರದೋ ಪ್ಯಾಂಟು ಕಳಚುತ್ತಿತ್ತು, ಯಾರದೋ ಲಂಗ ಬಾಗಿಲಿಗೆ ಸಿಕ್ಕಿ ಹರಿಯುತ್ತಿತ್ತು. ಪತ್ರಿಕೆಯವರು ಮೂಗು ಮುರಿಯುತ್ತಿದ್ದರು. ಜನ ಮಳೆಯಲ್ಲಿ ಸಾಲು ನಿಂತು ಟಿಕೆಟ್ ಕೊಳ್ಳುತ್ತಿದ್ದರು.

ಈ ಚಿತ್ರದಲ್ಲಿ ಮೇಟ್ರನ್ನಳ ಮೇಲೆ ಮನಸ್ಸಿಡುವ ರೋಗಿ ಕ್ಲೆಮೆಂಟ್ ಟಿಡ್‌ಮಾರ್ಷ್. ಆಳು ಗಿಡ್ಡ, ಕಿವಿ ದೊಡ್ಡವು. ಹುಬ್ಬು ಎತ್ತಿದರೆ ಸಾಕು, ಥಿಯೇಟರಿನ ಕಡೆಯ ಸಾಲಿನವರೆಗೂ ನಗು ಹಬ್ಬುತ್ತಿತ್ತು. ಕಥೆಯಲ್ಲಿ ಅವನ ಎರಡು ಕಾಲು, ಒಂದು ಕೈ ಮುರಿದಿರುತ್ತವೆ. ಹುಸಿ ಪ್ಲಾಸ್ಟರು ಟೊಳ್ಳಾಗಿ ಕಾಣುತ್ತದೆಂದು ನಿರ್ದೇಶಕರು ನಿಜವಾದದ್ದನ್ನೇ ಮೆತ್ತಿಸಿದ್ದರು. ಕಾಲುಗಳನ್ನು ಹಗ್ಗದಿಂದ ಮೇಲಕ್ಕೆ ಎಳೆದು, ಹಗ್ಗದ ಇನ್ನೊಂದು ತುದಿಗೆ ಕಬ್ಬಿಣದ ತೂಕ ತೂಗಿಬಿಟ್ಟಿದ್ದರು. ಅದನ್ನು ಒಡೆದು ಮತ್ತೆ ಕಟ್ಟುವುದೆಂದರೆ ಅರ್ಧ ದಿನದ ಕೆಲಸ. ಹಾಗಾಗಿ ಚಹಾದ ಹೊತ್ತಿಗೆ ಎಲ್ಲರೂ ಕ್ಯಾಂಟೀನಿಗೆ ಹೋದರೆ ಕ್ಲೆಮೆಂಟ್ ಮಾತ್ರ ವಾರ್ಡ್ ಸೆಟ್ಟಿನ ಮಂಚದ ಮೇಲೆ ಕಾಲು ಮೇಲಾಗಿ ನೇತಾಡಿಕೊಂಡೇ ಇರುತ್ತಿದ್ದ. ಎನಿಡ್ ಅವನಿಗೆ ಚಹಾ ಕುಡಿಸುತ್ತಿದ್ದಳು.

"ಎಲ್ಲಿ ನೋಯ್ತಿದೆ?" ಎಂದು ಅವಳು ಮೇಟ್ರನ್ ದನಿಯಲ್ಲೇ ಕೇಳುವಳು.

"ನೀವು ಕೈ ಇಟ್ಟಲ್ಲಿ ಬಿಟ್ಟು ಬೇರೆಲ್ಲ ಕಡೆ, ಮೇಟ್ರನ್. ಸ್ವಲ್ಪ ಕೆಳಗೆ ಇಟ್ಟು ನೋಡಿ."

"ಇನ್ನೂ ಕೆಳಗಾ?"

"ಹೆದರ್ಬೇಡಿ, ಅಲ್ಲಿ ಪ್ಲಾಸ್ಟರ್ ಹಾಕಿಲ್ಲ. ಸದ್ಯಕ್ಕೆ ತಾನೇ ಗಟ್ಟಿಯಾಗೋ ಭಯಾನೂ ಇಲ್ಲ."

ಅವತ್ತು ಮಾತ್ರ ಅವನು ತಮಾಷೆ ಮಾಡಲಿಲ್ಲ. ಅವಳ ಕೆನ್ನೆಯನ್ನೇ ನೋಡುತ್ತಿದ್ದ.

"ಬಿಟ್ಟು ಬಾರೇ ಆ ಗಂಡನ್ನ. ನಮ್ಮನೆ ಹಿಂದಿನ ಕೋಣೆ ಖಾಲಿ ಬಿದ್ದಿದೆ. ಆಬ್ರಿನೂ ಹೇಳ್ತಿದ್ದ."

ಆಬ್ರಿ ಹೂವಿನ ಅಂಗಡಿಯವನು. ಊರಿಗೆಲ್ಲ ಅವನು ಕ್ಲೆಮೆಂಟನ ಮನೆಯ ಬಾಡಿಗೆದಾರ. ಎನಿಡ್‌ಗೆ ಸತ್ಯ ಗೊತ್ತಿತ್ತು. ಸ್ಟುಡಿಯೋದಲ್ಲಿ ಬಹುತೇಕ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

"ಹೋಗೋದು ಎಲ್ಲಿಗೆ ಅಂತಲ್ಲ ಕ್ಲೆಮ್. ಅವನು ಹುಡುಕ್ಕೊಂಡು ಬರ್ತಾನೆ."

ವಿಲ್ಫ್ ಸ್ಟಬ್ಸ್ ಮೊದಲು ಹೀಗಿರಲಿಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಬಂದರಿನಲ್ಲಿ ಮೂಟೆ ಹೊರುತ್ತ, ಶನಿವಾರ ಬರ್ಮಂಡ್ಸಿಯ ಅಖಾಡದಲ್ಲಿ ಬಾಕ್ಸಿಂಗ್ ಆಡುತ್ತಿದ್ದವನು. ಅವಳು ನಾಟಕ ಕಂಪನಿಯಲ್ಲಿ ದಪ್ಪ ಅತ್ತೆಯ ಪಾತ್ರ ಮಾಡುತ್ತಿದ್ದಾಗ ಮುಂದಿನ ಸಾಲಿನಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. ಆ ನಗುವಿಗೇ ಅವಳು ಸೋತದ್ದು. ಆಮೇಲೆ ಬಂದರಿನಲ್ಲಿ ಬೆನ್ನಿಗೆ ಪೆಟ್ಟಾಯಿತು, ಕೆಲಸ ಹೋಯಿತು. ಅವಳ ಮುಖ ಭಿತ್ತಿಪತ್ರಗಳಲ್ಲಿ ಬರತೊಡಗಿತು. ಕುಡಿತ ಹೆಚ್ಚಿತು. ಮೊದಲ ಏಟು ಬಿದ್ದ ದಿನ ಅವನು ಮೊಣಕಾಲೂರಿ ಅತ್ತಿದ್ದ. ಈಚೆಗೆ ಅಳುವುದನ್ನೂ ಬಿಟ್ಟಿದ್ದ.

ಆ ವಾರ ಪತ್ರಿಕೆಯೊಂದರಲ್ಲಿ ಚಿತ್ರ ಬಂತು. ಮಂಚದಲ್ಲಿ ನೇತಾಡುವ ಕ್ಲೆಮೆಂಟ್ ತನ್ನ ನೆಟ್ಟಗಿರುವ ಒಂದೇ ಕೈಯಿಂದ ಮೇಟ್ರನ್ನಳ ಲಂಗದ ಅಂಚು ಹಿಡಿದಿದ್ದಾನೆ, ಅವಳು ಕಣ್ಣು ಕೆಕ್ಕರಿಸಿದ್ದಾಳೆ. ಅದನ್ನು ಪಬ್ಬಿನ ಗೋಡೆಗೆ ಅಂಟಿಸಿ ಗೆಳೆಯರು ವಿಲ್ಫನನ್ನು ಆಡಿಕೊಂಡರು. ಕೆನ್ನೆಯ ಗುರುತು ಅದರ ಫಲ. ಅಷ್ಟಕ್ಕೆ ಮುಗಿಯಿತೆಂದು ಎನಿಡ್ ಅಂದುಕೊಂಡಿದ್ದಳು.

ಅವಳು ಕ್ಲೆಮೆಂಟನ ಬಾಯಿಗೆ ಚಹಾದ ಬಟ್ಟಲು ಹಿಡಿದಿದ್ದಾಗಲೇ ವಿಲ್ಫ್ ಸೆಟ್ಟಿನೊಳಗೆ ಬಂದ. ಹೆಂಡತಿಗೆ ಊಟ ತಂದಿದ್ದೇನೆಂದು ಗೇಟಿನವನಿಗೆ ಹೇಳಿದ್ದನಂತೆ. ಬಾಯಿಯಿಂದ ಬಿಯರ್ ನಾರುತ್ತಿತ್ತು, ಕೈಯಲ್ಲಿ ಅದೇ ಪತ್ರಿಕೆಯ ಹಾಳೆ.

"ಬಾಯಿಗೆ ಇಡೋವರೆಗೂ ಬಂತಾ?" ಎಂದ.

"ವಿಲ್ಫ್, ಮನೆಗೆ ಹೋಗು. ಸಂಜೆ ಮಾತಾಡೋಣ."

"ಸಂಜೆ ಯಾಕೆ? ಇಲ್ಲೇ ಹಾಸಿಗೆ ಹಾಸಿದೆಯಲ್ಲ."

ಕ್ಲೆಮೆಂಟ್ ತಲೆಯೆತ್ತಿ, ಚಿತ್ರಗಳಲ್ಲಿ ಆಡುವ ರಾಗದಲ್ಲೇ ಹೇಳಿದ: "ರೋಗಿಗಳನ್ನ ನೋಡೋ ಹೊತ್ತು ಮುಗೀತು ಸ್ವಾಮಿ. ರೋಗಿಗೆ ತಂದಿರೋ ದ್ರಾಕ್ಷಿ ಇಟ್ಟು ಹೋಗಿ."

ಮೇಲೆ ದೀಪದ ಅಟ್ಟದಲ್ಲಿ ಇಬ್ಬರು ಕೆಲಸದವರು ಬಲ್ಬು ಬದಲಿಸುತ್ತಿದ್ದರು. ಅವರು ನಕ್ಕರು. ಆ ನಗು ಕೇಳಿ ವಿಲ್ಫನ ಕತ್ತು ಕೆಂಪೇರಿತು. ಎನಿಡಳ ಟೋಪಿಯನ್ನೂ ಕೂದಲನ್ನೂ ಒಟ್ಟಿಗೇ ಹಿಡಿದು ಎಳೆದು ಬಾಯಿಯ ಮೇಲೆ ಹೊಡೆದ. ಅವಳು ಔಷಧಿಯ ಗಾಡಿಯ ಮೇಲೆ ಬಿದ್ದಳು. ತಗಡಿನ ಪಾತ್ರೆಗಳು ನೆಲದ ಮೇಲೆಲ್ಲ ಉರುಳಿ ಸದ್ದಾದವು. ಅಟ್ಟದಲ್ಲಿ ನಗು ಇನ್ನೂ ಜೋರಾಯಿತು. ಅವರಿಗೆ ಅದು ತಾಲೀಮು.

"ಕೈ ತೆಗಿ," ಎಂದ ಕ್ಲೆಮೆಂಟ್. ಆ ದನಿ ಅವನ ಯಾವ ಚಿತ್ರದಲ್ಲೂ ಇಲ್ಲದ್ದು. "ಅವಳ ಮೇಲಿಂದ ಕೈ ತೆಗಿಯೋ, ಹೇಡಿ."

ವಿಲ್ಫ್ ತಿರುಗಿದ. ಬೆನ್ನು ಹಾಳಾಗಿದ್ದರೂ ಭುಜ ಬಾಕ್ಸರನದೇ. ಮಂಚದ ಪಕ್ಕ ನಿಂತು, ಅಖಾಡದಲ್ಲಿ ನಿಲ್ಲುವಂತೆ ಕಾಲು ಅಗಲಿಸಿ, ಅಳೆದು ಹೊಡೆಯತೊಡಗಿದ. ಕ್ಲೆಮೆಂಟ್ ಬಿಡುವಿದ್ದ ಕೈಯನ್ನು ಮುಖಕ್ಕೆ ಅಡ್ಡ ಹಿಡಿದ. ವಿಲ್ಫ್ ಆ ಕೈಯನ್ನು ಎಡಗೈಯಿಂದ ಒತ್ತಿ ಹಿಡಿದು ಬಲಗೈ ಬೀಸಿದ. ಬೆರಳಲ್ಲಿ ಬಾಕ್ಸಿಂಗ್ ಕ್ಲಬ್ಬಿನ ದಪ್ಪ ಉಂಗುರವಿತ್ತು. ನೇತಾಡುವ ಕಾಲುಗಳು ಪ್ರತಿ ಏಟಿಗೂ ಹಗ್ಗದಲ್ಲಿ ತೂಗುತ್ತಿದ್ದವು. ನೋಡುವವರಿಗೆ ನಗು ಬರುವ ಹಾಗೇ ಇತ್ತು.

ಎನಿಡ್ ಎದ್ದು ಕೈಗೆ ಸಿಕ್ಕಿದ ಬೆಡ್‌ಪ್ಯಾನ್ ತೆಗೆದು ಗಂಡನ ತಲೆಗೆ ಬಾರಿಸಿದಳು. ಅದು ಚಿತ್ರಕ್ಕೆಂದೇ ಮಾಡಿದ ತೆಳ್ಳನೆಯ ತಗಡು. ಠಣ್ ಎಂದು ಮಡಿಚಿಕೊಂಡಿತು. ಅಟ್ಟದಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ವಿಲ್ಫ್ ತಿರುಗಿಯೂ ನೋಡಲಿಲ್ಲ.

ಬಿಳಿ ಪ್ಲಾಸ್ಟರಿನ ಮೇಲೆ ಕೆಂಪು ಬಿದ್ದದ್ದು ಅವಳಿಗೆ ಆಗ ಕಂಡಿತು. ಕ್ಲೆಮೆಂಟ್ ಕೂಗುತ್ತಿರಲಿಲ್ಲ, ಬಾಯಲ್ಲಿ ರಕ್ತ ತುಂಬಿ ಗೊರಗೊರ ಎನ್ನುತ್ತಿದ್ದ. ಅವಳು ಮಂಚದ ಕಾಲ ಬಳಿಗೆ ಓಡಿ ಹಗ್ಗದಿಂದ ಕಬ್ಬಿಣದ ತೂಕವನ್ನು ಕಳಚಿದಳು. ಪ್ಲಾಸ್ಟರಿನ ಕಾಲು ದಡ್ಡನೆ ಹಾಸಿಗೆಗೆ ಬಿತ್ತು. ತೂಕವನ್ನು ಎರಡೂ ಕೈಯಲ್ಲೆತ್ತಿ ವಿಲ್ಫನ ಭುಜಕ್ಕೆ ಇಳಿಸಿದಳು. ಒಣಕಟ್ಟಿಗೆ ಮುರಿದಂಥ ಸದ್ದು. ಅವನು ಮಂಡಿಯೂರಿದ, ಆಶ್ಚರ್ಯಪಟ್ಟವನಂತೆ ಅವಳ ಕಡೆ ನೋಡಿದ. ಅವಳು ಅದನ್ನು ಮತ್ತೆ ಎತ್ತಿದಳು. ಈ ಸಲ ಗುರಿ ತಲೆಗೇ.

ಹಿಂದಿನಿಂದ ಯಾರೋ ಅವಳನ್ನು ತಬ್ಬಿ ಹಿಡಿದರು. ಸ್ಟಂಟ್ ಮಾಡುವ ಗ್ವಿಲಿಮ್. ವೇಲ್ಸಿನವನು, ಯುದ್ಧದಲ್ಲಿ ವಿಮಾನದಿಂದ ಹಾರಿದವನು. ಈ ಚಿತ್ರಗಳಲ್ಲಿ ಯಾರು ಮೆಟ್ಟಿಲಿಂದ ಉರುಳಬೇಕಾದರೂ ಅವನೇ ಉರುಳುತ್ತಿದ್ದ.

"ಸಾಕು ಎನಿಡ್. ಸಾಕು. ಸತ್ತೋಗ್ತಾನೆ."

"ಸಾಯ್ಲಿ," ಎಂದಳು. ಆದರೆ ಕೈ ಸಡಿಲವಾಗಿ ತೂಕ ನೆಲಕ್ಕೆ ಬಿತ್ತು.

ಅಟ್ಟದಲ್ಲಿ ಈಗ ಯಾರೂ ನಗುತ್ತಿರಲಿಲ್ಲ.

ನಿಜವಾದ ಆಸ್ಪತ್ರೆಯ ವಾರ್ಡಿನಲ್ಲಿ ಮಂಚಗಳು ಸೆಟ್ಟಿನವಕ್ಕಿಂತ ಹತ್ತಿರ ಹತ್ತಿರ ಇದ್ದವು. ಗೋಡೆಯ ಬಣ್ಣ ಮಾಸಿತ್ತು. ಕ್ಲೆಮೆಂಟನ ಬಲಗಣ್ಣು ಉಳಿಯಲಿಲ್ಲ. ಮೂಗಿನ ಮೂಳೆ, ಎರಡು ಹಲ್ಲು ಹೋಗಿದ್ದವು. ಪೊಲೀಸ್ ಸಾರ್ಜೆಂಟ್ ಬಂದಾಗ ಅವನು ಊದಿದ ತುಟಿಯಲ್ಲಿ ಹೇಳಿದ್ದು ಇಷ್ಟೇ: ಹಗ್ಗ ಕಳಚಿತು, ಮಂಚದಿಂದ ಬಿದ್ದೆ. ಎನಿಡ್ ಅವರ ಗಂಡ ಎತ್ತಲು ಬಂದು ತಾನೂ ಬಿದ್ದ.

ಸಾರ್ಜೆಂಟ್ ಹೋದ ಮೇಲೆ ಎನಿಡ್ ಮಂಚದ ಹತ್ತಿರ ಕುರ್ಚಿ ಎಳೆದುಕೊಂಡಳು.

"ಏನು ಹೇಳಿದ್ಯೋ ನೀನು? ನಾನು ಸಾಕ್ಷಿ ಹೇಳ್ತೀನಿ. ಅಟ್ಟದ ಮೇಲಿದ್ದವರು ಹೇಳ್ತಾರೆ. ಅವನು ಜೈಲಿಗೆ ಹೋಗ್ತಾನೆ."

"ಅವನ ವಕೀಲ ನನ್ನ ಮೊದಲು ಏನ್ ಕೇಳ್ತಾನೆ ಗೊತ್ತಾ?" ಕ್ಲೆಮೆಂಟ್ ಪಕ್ಕದ ಮಂಚದವನಿಗೆ ಕೇಳಿಸದಂತೆ ಪಿಸುಗುಟ್ಟಿದ. "ನಿಮ್ಮನೇಲಿ ಹಾಸಿಗೆ ಎಷ್ಟಿವೆ ಟಿಡ್‌ಮಾರ್ಷ್ ಅವರೇ, ಅಂತ. ಒಂದೇ ಇರೋದು ಎನಿಡ್. ನಂದು ಕಣ್ಣು ಹೋಯ್ತು. ಆಬ್ರಿನ ಜೈಲಿಗೆ ಕಳಿಸಕ್ಕೆ ನಂಗಾಗಲ್ಲ."

ಕಿಟಕಿಯ ಹತ್ತಿರ ಆಬ್ರಿ ನಿಂತಿದ್ದ. ತಂದಿದ್ದ ಹೂವನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಗೆ ಒತ್ತಿ ಹಿಡಿದಿದ್ದ. ಬಾಡಿಗೆದಾರನೊಬ್ಬ ಎಷ್ಟು ಹೊತ್ತು ಇರಬಹುದೋ ಅಷ್ಟೇ ಹೊತ್ತು ಇದ್ದು ಹೋದ. ಕೈ ಮುಟ್ಟಲಿಲ್ಲ.

ನಿರ್ಮಾಪಕ ಸೀವೆಲ್‌ಗೆ ಈ ಹೇಳಿಕೆಯಿಂದ ಎದೆ ಹಗುರಾಯಿತು. "ಅಪಘಾತ, ಅಷ್ಟೇ. ನಗಿಸೋ ಚಿತ್ರಕ್ಕೆ ರಕ್ತದ ಸುದ್ದಿ ಒಳ್ಳೇದಲ್ಲ," ಎಂದು ಎನಿಡ್‌ಗೆ ಹೇಳಿ, ಅವಳಿಗೆ ಸ್ಟುಡಿಯೋದ ಹತ್ತಿರದ ಛತ್ರದಂಥ ಒಂದು ಚಿಕ್ಕ ಹೋಟೆಲಿನಲ್ಲಿ ಕೋಣೆ ಹಿಡಿಸಿಕೊಟ್ಟ. ಕೆಲವು ದಿನಗಳಲ್ಲೇ ವಿಲ್ಫ್ ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡು ಆಸ್ಪತ್ರೆಯಿಂದ ಹೊರಬಿದ್ದ. ಆ ಹೋಟೆಲಿಗೆ ಫೋನ್ ಬಂತು.

"ಕೈ ಒಂದು ನೆಟ್ಟಗಾಗ್ಲಿ," ಎಂದ ವಿಲ್ಫ್. ಮೆಲ್ಲಗೆ, ಕುಡಿಯದೆ ಮಾತಾಡುತ್ತಿದ್ದ. "ಆ ಹೆಣ್ಣಿಗನ ಇನ್ನೊಂದು ಕಣ್ಣೂ ತೆಗೀತೀನಿ. ಆಮೇಲೆ ನಿನ್ನ ಸರದಿ. ಅವನ್ಯಾಕೆ ಪೊಲೀಸರಿಗೆ ಹೇಳ್ಲಿಲ್ಲ ಅಂತ ನಂಗೊತ್ತಾಯ್ತು."

ಅವಳು ಇದನ್ನು ಗ್ವಿಲಿಮನಿಗೆ ಹೇಳಿದಳು. ಹಿಂದೊಮ್ಮೆ ಗ್ವಿಲಿಮ್ ಬೆನ್ನು ಮುರಿದುಕೊಂಡು ಮಲಗಿದ್ದಾಗ ಕ್ಲೆಮೆಂಟ್ ಪ್ರತಿ ಭಾನುವಾರ ಬಂದು ಅವನಿಗೆ ಕುದುರೆ ರೇಸಿನ ಸುದ್ದಿ ಓದಿ ಹೇಳುತ್ತಿದ್ದ. ಗ್ವಿಲಿಮ್ ಅದನ್ನು ಮರೆತಿರಲಿಲ್ಲ.

"ನೀನು ಹೂಂ ಅಂದ್ರೆ ಸಾಕು," ಎಂದ. "ನಾನು, ಇನ್ನಿಬ್ಬರು ನಮ್ಮೋರು. ಇನ್ಮೇಲೆ ಅವನು ನಿಮ್ಮಿಬ್ಬರ ಹೆಸರು ಕೇಳಿದ್ರೂ ನಡುಗ್ಬೇಕು."

ಎನಿಡ್ ಬಹಳ ಹೊತ್ತು ಯೋಚಿಸಲಿಲ್ಲ. "ಹೂಂ," ಎಂದಳು. "ಆದ್ರೆ ನಾನೂ ಬರ್ತೀನಿ. ನನ್ನ ಕಣ್ಣೆದುರೇ ಆಗ್ಬೇಕು."

ಭಾನುವಾರ ಮಧ್ಯಾಹ್ನ ರಾದರ್‌ಹೈತ್‌ನ ಅವಳದೇ ಮನೆಗೆ ವ್ಯಾನಿನಲ್ಲಿ ಹೋದರು. ಅಕ್ಕಪಕ್ಕದ ಮನೆಗಳಿಂದ ಹುರಿದ ಮಾಂಸದ ವಾಸನೆ ಬರುತ್ತಿತ್ತು. ಬೀಗದ ಕೈ ಅವಳದೇ. ವಿಲ್ಫ್ ಅಡುಗೆಮನೆಯ ಮೇಜಿನ ಮುಂದೆ ಕೂತು ಒಂದೇ ಕೈಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರಲು ಒದ್ದಾಡುತ್ತಿದ್ದ. ಮೂವರು ಗಂಡಸರನ್ನು ಕಂಡು ಎದ್ದು ನಿಂತು ಬ್ರೆಡ್ ಕೊಯ್ಯುವ ಚಾಕುವಿಗೆ ಕೈ ಹಾಕಿದ. ಗ್ವಿಲಿಮ್ ಮೇಜನ್ನೇ ಅವನ ಹೊಟ್ಟೆಗೆ ತಳ್ಳಿದ.

ಇವರು ತೆರೆಯ ಮೇಲೆ ಹೊಡೆದಾಡುವಾಗ ಆಮೇಲೆ ಯಾರೋ ಕೂತು ಢಂ ಢಂ ಎಂಬ ಸದ್ದು ಸೇರಿಸುತ್ತಿದ್ದರು. ಇಲ್ಲಿ ಅಂಥದ್ದೇನೂ ಇರಲಿಲ್ಲ. ಹಸಿ ಹಿಟ್ಟನ್ನು ನಾದಿದ ಹಾಗೆ ಕೇಳುತ್ತಿತ್ತು. ಉಸಿರು, ಬೂಟು ಜಾರುವ ಸದ್ದು, ಮತ್ತೆ ಉಸಿರು. ವಿಲ್ಫ್ ಒಂದೇ ಕೈಯಲ್ಲಿ ಒಬ್ಬನ ತುಟಿ ಒಡೆದ. ಅಲ್ಲಿಗೆ ಅವರ ಕೈಯಲ್ಲಿದ್ದ ಅಳತೆ ತಪ್ಪಿತು. ಪಟ್ಟಿ ಕಟ್ಟಿದ ಭುಜಕ್ಕೇ ಒದ್ದರು. ಅವನು ಒಲೆಯ ಪಕ್ಕ ಕುಸಿದು, ಮೊಣಕಾಲು ಎದೆಗೆ ಎಳೆದುಕೊಂಡು, ಹೊಟ್ಟೆ ಮುಚ್ಚಿಕೊಂಡ. ಎನಿಡ್ ಹಾಗೆ ಮಲಗಿದವರನ್ನು ಹೊರಗಿನಿಂದ ಎಂದೂ ನೋಡಿರಲಿಲ್ಲ. ಅದೇ ನೆಲ, ಅದೇ ಮೂಲೆ. ಅಲ್ಲಿ ಹಾಗೇ ಮಲಗಿರುತ್ತಿದ್ದವಳು ಅವಳು.

ಗ್ವಿಲಿಮ್ ಅವನ ಬಲಗೈಯನ್ನು ಹಿಡಿದೆಳೆದು ಬಾಗಿಲ ಚೌಕಟ್ಟಿಗೆ ಇಟ್ಟ. ಉಂಗುರವಿದ್ದ ಕೈ. ಅವಳ ಕಡೆ ನೋಡಿದ. ಅವಳು ಹೂಂ ಎಂದು ತಲೆಯಾಡಿಸಿದಳು. ಅವನು ಬಾಗಿಲನ್ನು ಜಾಡಿಸಿ ಮುಚ್ಚಿದ.

ವಿಲ್ಫನ ಬಾಯಿಂದ ಬಂದ ಕೂಗು ಅವಳು ಕೇಳಿದ ಯಾವ ಕೂಗಿನಂತೆಯೂ ಇರಲಿಲ್ಲ.

"ಸಾಕು," ಎಂದಳು.

ಯಾರೂ ಕೇಳಿಸಿಕೊಳ್ಳಲಿಲ್ಲ. ತುಟಿ ಒಡೆದವನು ವಿಲ್ಫನ ಪಕ್ಕೆಗೆ ಒದೆಯುತ್ತಲೇ ಇದ್ದ, ಒದೆಗೊಂದು ಬೈಗುಳ ಸೇರಿಸಿ. ಇನ್ನೊಬ್ಬ ನಗುತ್ತಿದ್ದ. ಗ್ವಿಲಿಮ್ ಬಾಗಿಲನ್ನು ಮತ್ತೆ ತೆರೆದ, ಅವಳ ಕಡೆ ನೋಡದೆ.

"ಗ್ವಿಲಿಮ್, ಸಾಕು ಅಂದೆ."

"ಇನ್ನೊಂದು. ಕ್ಲೆಮ್‌ದು ಬಾಕಿ ಇದೆ."

ಅವಳು ಹೋಗಿ ವಿಲ್ಫನ ಮೇಲೆ ಬಿದ್ದಳು. ಇಡೀ ಮೈಯನ್ನು ಅವನ ಮೇಲೆ ಹರಡಿದಳು. ಪಕ್ಕೆಗೆಂದು ಬಂದ ಬೂಟು ಅವಳ ಸೊಂಟಕ್ಕೆ ಬಿತ್ತು. ಉಸಿರೇ ನಿಂತಂತಾಯಿತು. ಗ್ವಿಲಿಮ್ ಬಾಗಿಲನ್ನು ಬಿಟ್ಟ. ಒದ್ದವನು ಹಿಂದೆ ಸರಿದು, "ಅಯ್ಯೋ, ಕ್ಷಮಿಸಮ್ಮ, ಕಾಣ್ಲಿಲ್ಲ," ಎಂದು ತೊದಲಿದ.

ಅವಳ ಮುಖದ ಕೆಳಗೇ ವಿಲ್ಫನ ಮುಖವಿತ್ತು. ರಕ್ತ, ಬೆಣ್ಣೆ, ಕಣ್ಣೀರು. ಅವನು ಅವಳ ಕಿವಿಯ ಹತ್ತಿರ ಹೇಳಿದ: "ಗಂಡಸರನ್ನ ಕರ್ಕೊಂಡ್ ಬಂದ್ಯಾ, ಸೂಳೆ."

ಎನಿಡ್ ಎದ್ದಳು. ಗೋಡೆ ಹಿಡಿದು ನಿಂತು ಉಡುಪಿನ ಮಡಿಕೆ ಸರಿಮಾಡಿಕೊಂಡಳು.

"ಈ ಸಲ ಅಡ್ಡ ಬಂದೆ ವಿಲ್ಫ್," ಎಂದಳು. "ನಿಂಗೋಸ್ಕರ ಅಲ್ಲ. ಅದನ್ನ ನೋಡಕ್ಕಾಗ್ಲಿಲ್ಲ, ಅಷ್ಟೇ. ಇನ್ನೊಂದ್ಸಲ ನೀನು ಕ್ಲೆಮ್ ಹತ್ರ ಆಗ್ಲಿ, ನನ್ನ ಹತ್ರ ಆಗ್ಲಿ ಬಂದ್ರೆ ನಾನು ಬೀದೀಲಿ ನಿಂತಿರ್ತೀನಿ. ಒಳಗೆ ಇವರಷ್ಟೇ ಬರ್ತಾರೆ."

ತನ್ನ ಕೋಟು, ತಾಯಿಯ ಫೋಟೋ, ಒಂದು ಜೊತೆ ಒಳ್ಳೆಯ ಷೂ ತೆಗೆದುಕೊಂಡು ಹೊರಗೆ ಬಂದಳು. ವ್ಯಾನಿನ ಹತ್ತಿರ ತಲುಪುವ ಮುಂಚೆ ಚರಂಡಿಗೆ ಬಗ್ಗಿ ವಾಂತಿ ಮಾಡಿದಳು. ಗ್ವಿಲಿಮ್ ಬೆನ್ನು ಸವರಲು ಬಂದ. ಅವಳು ಅವನ ಕೈ ಸರಿಸಿದಳು.

ಕ್ಲೆಮೆಂಟನಿಗೆ ಸುದ್ದಿ ತಲುಪದೆ ಇರಲಿಲ್ಲ. ಅವಳು ಸೂಟ್‌ಕೇಸ್ ಹಿಡಿದು ಅವನ ಮನೆಯ ಹಿಂದಿನ ಕೋಣೆಗೆ ಬಂದ ದಿನ ಅವನು ಹಾಸಿಗೆಯಿಂದ ಏಳದೆ ಕೇಳಿದ: "ಕೈ ಮುರಿದ್ರಂತೆ?"

"ಹೂಂ."

"ನಂಗೋಸ್ಕರ ಅಂತ ಮಾತ್ರ ಹೇಳ್ಬೇಡ. ನನ್ನ ಕಣ್ಣಿನ ಲೆಕ್ಕಕ್ಕೆ ಅದನ್ನ ಬರೀಬೇಡ. ನಾನು ಕೇಳಿರ್ಲಿಲ್ಲ."

"ನಿಂಗೋಸ್ಕರ ಅಲ್ಲ. ನಂಗೇ ಬೇಕಾಗಿತ್ತು. ಬಾಗಿಲು ಮುಚ್ಚೋವರೆಗೂ ಬೇಕಾಗಿತ್ತು."

ಅವನು ಪಟ್ಟಿ ಕಟ್ಟಿದ ತಲೆಯನ್ನು ಗೋಡೆಯ ಕಡೆ ತಿರುಗಿಸಿದ. ಹಲವು ದಿನ ಅವರ ನಡುವೆ ಮಾತು ಉಪ್ಪು, ಚಹಾ, ಬಾಗಿಲು ಹಾಕು ಎನ್ನುವಷ್ಟೇ ಇತ್ತು. ಮಧ್ಯೆ ಆಬ್ರಿ ಅತ್ತಿಂದಿತ್ತ ತಟ್ಟೆ ಹೊತ್ತು ಓಡಾಡಿದ.

ಜನವರಿಯಲ್ಲಿ ಚಿತ್ರೀಕರಣ ಮತ್ತೆ ಶುರುವಾಯಿತು. ಕ್ಲೆಮೆಂಟನ ಕಣ್ಣಿನ ಪಟ್ಟಿಯನ್ನು ಕಥೆಯಲ್ಲೇ ಸೇರಿಸಿದರು. ಉಳಿದದ್ದು ಕಡೆಯ ದೃಶ್ಯ. ರೋಗಿ ಮೇಟ್ರನ್ನಳನ್ನು ಚಿವುಟಬೇಕು, ಅವಳು ಅವನ ಕೆನ್ನೆಗೆ ಬಾರಿಸಬೇಕು. ಎನಿಡ್ ಕೈ ಎತ್ತಿದಳು. ಇಳಿಸಲಾಗಲಿಲ್ಲ. ಕ್ಯಾಮೆರಾ ನಿಂತಿತು. ಮತ್ತೆ ಎತ್ತಿದಳು. ಮತ್ತೆ ನಿಂತಿತು.

"ಹೊಡಿಯೇ," ಎಂದ ಕ್ಲೆಮೆಂಟ್ ಮೆಲ್ಲಗೆ. ಎಷ್ಟೋ ದಿನಗಳ ನಂತರ ಅವನಾಗಿ ಆಡಿದ ಮಾತು. "ನಾನು ಹುಟ್ಟಿದಾಗಿಂದ ಪೆಟ್ಟು ತಿಂದೇ ಹೊಟ್ಟೆ ಹೊರೆದೋನು. ನಿನ್ನ ಕೈ ಬೆಣ್ಣೆ ಇದ್ದಂಗೆ."

"ಆಗಲ್ಲ ಕ್ಲೆಮ್. ನನ್ನ ಕೈಲಿ ಆಗಲ್ಲ."

ಅವನು ಒಂದೇ ಕಣ್ಣಿನಿಂದ ಅವಳನ್ನು ನೋಡಿದ. ಆಮೇಲೆ ನಿರ್ದೇಶಕರ ಕಡೆ ತಿರುಗಿ, "ಏಟು ಹಳೇದಾಯ್ತು ಸಾರ್. ಐಸ್ ನೀರು ಸುರೀಲಿ. ನನ್ನ ಪೈಜಾಮದೊಳಗೆ," ಎಂದ. ನಿರ್ದೇಶಕರಿಗೂ ಸಾಕಾಗಿತ್ತು. ಎನಿಡ್ ಹೂಜಿಯನ್ನು ಅವನ ಪೈಜಾಮದ ಲಾಡಿಯ ಹತ್ತಿರವೇ ಬಗ್ಗಿಸಿದಳು. ಅವನು ಕೂಗಿದ ಕೂಗಿಗೆ ಕ್ವೀನಿಯೂ ಸೇರಿ ಸೆಟ್ಟಿನವರೆಲ್ಲ ಹೊಟ್ಟೆ ಹಿಡಿದುಕೊಂಡರು. ಚಿತ್ರ ಬಂದಾಗ ಜನ ಅತಿ ಹೆಚ್ಚು ನಕ್ಕದ್ದು ಅಲ್ಲಿಯೇ. ಆ ದೃಶ್ಯ ತೆಗೆದ ರಾತ್ರಿಯಿಂದ ಮನೆಯಲ್ಲಿ ಮಾತು ಮತ್ತೆ ಮೊದಲಿನಂತಾಯಿತು. ಕೈ ಮುರಿದ ವಿಷಯವನ್ನು ಮಾತ್ರ ಯಾರೂ ಎತ್ತಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಕಾನೂನು ಬದಲಾಗಿ, ಇಬ್ಬರು ಗಂಡಸರು ಜೊತೆಗೆ ಬಾಳುವುದು ಅಪರಾಧವಾಗಿ ಉಳಿಯಲಿಲ್ಲ. ಆಬ್ರಿ ಪತ್ರಿಕೆಯನ್ನು ಬೆಳಗಿನ ತಿಂಡಿಯ ಮೇಜಿನ ಮೇಲಿಟ್ಟು ಅಂಗಡಿಗೆ ಹೋದ. ಈಗ ಪೊಲೀಸರ ಹತ್ತಿರ ಹೋಗಬಹುದಲ್ಲ ಎಂದು ಎನಿಡ್ ಕೇಳಿದಳು. ಕ್ಲೆಮೆಂಟ್ ಟೋಸ್ಟಿಗೆ ಮಾರ್ಮಲೇಡ್ ಹಚ್ಚುತ್ತ, "ಯಾರ ಮೇಲೆ ದೂರು ಕೊಡೋದು? ನಿನ್ನನ್ನೂ ಸೇರಿಸಿ ಕೊಡ್ಲಾ?" ಎಂದ. ಅವಳು ಪತ್ರಿಕೆಯನ್ನು ಮಡಿಸಿಟ್ಟಳು.

ವಿಲ್ಫ್ ಒಮ್ಮೆ ಬಂದ. ಅಕ್ಟೋಬರಿನ ಒಂದು ಮಧ್ಯಾಹ್ನ, ಮೂವರೂ ಊಟಕ್ಕೆ ಕೂತಿದ್ದಾಗ. ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದವನನ್ನು ಎನಿಡ್ ಪರದೆಯ ಸಂದಿಯಿಂದ ನೋಡಿದಳು. ಸೊರಗಿದ್ದ. ಬಲಗೈಯನ್ನು ಕೋಟಿನ ಜೇಬಿನಲ್ಲೇ ಇಟ್ಟಿದ್ದ. ಗ್ವಿಲಿಮನಿಗೆ ಫೋನ್ ಮಾಡಲೇ ಎಂದು ಕ್ಲೆಮೆಂಟ್ ಕಣ್ಣಿನಲ್ಲೇ ಕೇಳಿದ. ಅವಳು ಬೇಡವೆಂದಳು.

ಎದ್ದು ಹೋದವನು ಆಬ್ರಿ. ತೆಳ್ಳನೆಯ ಮನುಷ್ಯ, ಅಂಗಡಿಯ ಹಸಿರು ಏಪ್ರನ್ನಿನಲ್ಲೇ ಇದ್ದ. ರಸ್ತೆ ದಾಟಿ ವಿಲ್ಫನ ಎದುರು ನಿಂತ. ಕಿಟಕಿ ತೆರೆದಿದ್ದರಿಂದ ಮಾತು ಕೇಳುತ್ತಿತ್ತು.

"ಏನು ಬೇಕಾಗಿತ್ತು?"

"ಅವಳಿದಾಳಾ?"

"ಇದಾಳೆ. ನಿಮಗಿಲ್ಲ."

ವಿಲ್ಫ್ ಕಿಟಕಿಯ ಕಡೆ ನೋಡಿದ. ಏನೋ ಹೇಳಲು ಬಾಯಿ ತೆರೆದ. ಆಬ್ರಿ ಅಲ್ಲಾಡಲಿಲ್ಲ. ಹೆದರಿದ್ದ, ಏಪ್ರನ್ನಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದದ್ದು ಕಿಟಕಿಯಿಂದಲೇ ಕಾಣುತ್ತಿತ್ತು. ಆದರೂ ನಿಂತೇ ಇದ್ದ. ಕೊನೆಗೆ ವಿಲ್ಫ್ ಕಾಲರ್ ಮೇಲೆತ್ತಿಕೊಂಡು ಬಸ್ ನಿಲ್ದಾಣದ ಕಡೆ ನಡೆದ. ಹಲ್ ಎಂಬ ಊರಿನಲ್ಲಿರುವ ತಮ್ಮನ ಮನೆ ಸೇರಿದನೆಂದು ಆಮೇಲೆ ಯಾರೋ ಹೇಳಿದರು.

ಎನಿಡ್ ಮತ್ತೆ ಕುರ್ಚಿಯಲ್ಲಿ ಕೂತಳು. ಅವಳ ಕೈಯ ಫೋರ್ಕು ತಟ್ಟೆಗೆ ಬಡಿದು ಸದ್ದಾಗುತ್ತಿತ್ತು. ಕ್ಲೆಮೆಂಟ್ ಅವಳ ಮೀನಿನ ಪೈಯನ್ನು ತನ್ನ ಕಡೆ ಎಳೆದುಕೊಂಡು ಸಣ್ಣಗೆ ತುಂಡು ಮಾಡಿ ವಾಪಸ್ಸು ತಳ್ಳಿದ. ಆಬ್ರಿ ಬಂದು ಬಾಗಿಲು ಹಾಕಿ, ಕೈ ತೊಳೆದು, ಕೂತ. ಪೈ ತಣ್ಣಗಾಗಿತ್ತು. ಮೂವರೂ ಅದನ್ನೇ ತಿಂದರು.